ಕರು ಜೊತೆಯಲ್ಲಿರುವ ಹಸು ಬೆದೆಗೆ ಬರಲು ತಡಮಾಡುವುದೇಕೆ?

ಓದುಗರ ಪ್ರಶ್ನೆ: ಮಾಂಸೋತ್ಪಾದನೆಯ ತಳಿಯ 32 ಹಸುಗಳನ್ನು ಸಾಕಿದ್ದೇವೆ. ಹಾಲು ಕರೆಯುವುದಿಲ್ಲ, ಕರುಗಳು ಹಗಲಿರುಳು ತಾಯಿಯ ಜೊತೆಯಲ್ಲೇ ಇರುತ್ತವೆ. ಈ ಬಾರಿ ಕರು ಹಾಕಿ 75 ದಿನ ಕಳೆದರೂ ಅರ್ಧಕ್ಕಿಂತ ಹೆಚ್ಚು ಹಸುಗಳು ಬೆದೆಗೆ ಬಂದಿಲ್ಲ. ಚೊಚ್ಚಲ ಹಸುಗಳಲ್ಲಂತೂ ಒಂದೂ ಬಂದಿಲ್ಲ. ಬೆದೆ ತೋರಿಸಿದ ಎರಡು ಹಸುಗಳು ಒಂಬತ್ತು ಹತ್ತು ದಿನಕ್ಕೇ ಮತ್ತೆ ಬೆದೆಗೆ ಬಂದವು. ಇವುಗಳಿಗಿಂತ ಎಷ್ಟೋ ಪಟ್ಟು ಹಾಲು ಕೊಡುವ ಡೇರಿ ಹಸುಗಳು ಒಂದೂವರೆ ತಿಂಗಳೊಳಗೆ ಬೆದೆಗೆ ಬರುವುದನ್ನು ನಾವೇ ಕಂಡಿದ್ದೇವೆ. ಹಾಲಿನ ಹಾರ್ಮೋನು ಹೆಚ್ಚಾಗಿದೆ ಎಂದು ಒಬ್ಬರು, ಗರ್ಭಕೋಶ ತೊಳೆಸಿ ಎಂದು ಇನ್ನೊಬ್ಬರು, ಬೆದೆಯ ಇಂಜೆಕ್ಷನ್ ಹಾಕಿಸಿ ಎಂದು ಮತ್ತೊಬ್ಬರು ಹೇಳುತ್ತಾರೆ. ಕರುವನ್ನು ಎರಡು ದಿನ ಬೇರೆ ಕಟ್ಟಿದರೆ ಸಾಕು ಎನ್ನುವವರೂ ಇದ್ದಾರೆ. ಯಾವುದನ್ನು ನಂಬಬೇಕು? ಕರುಗಳಿಗೆ ಪೆಟ್ಟಾಗದಂತೆ ಏನು ಮಾಡಬಹುದು?

ಉತ್ತರ: ಹಸುವಿನ ಗರ್ಭಾವಧಿ ಸರಾಸರಿ 283 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಉಳಿಯುವುದು 82 ದಿನ ಮಾತ್ರ. ಅಷ್ಟರೊಳಗೆ ಗರ್ಭಕೋಶ ಸುಧಾರಿಸಿಕೊಂಡು, ಬೆದೆ ಮರಳಿ, ಗಬ್ಬ ನಿಲ್ಲಬೇಕು. 75ನೆಯ ದಿನದಲ್ಲೂ ಬೆದೆ ಕಾಣದ ಹಸು ಈ ಲೆಕ್ಕದಿಂದ ಜಾರಿದೆ ಎಂದೇ ಅರ್ಥ. ಈ ವರ್ಷ ಒಂದು ತಿಂಗಳು ತಡವಾಗಿ ಗಬ್ಬವಾದದ್ದು ಮುಂದಿನ ವರ್ಷ ತಡವಾಗಿಯೇ ಈಯುತ್ತದೆ. ಹೋರಿ ಬಿಡುವ ಕಾಲ ನಿಗದಿಯಾಗಿರುವ ಹಿಂಡಿನಲ್ಲಿ ಅದಕ್ಕೆ ಸಿಗುವ ಅವಕಾಶ ಇನ್ನೂ ಕಡಿಮೆ. ಆದ್ದರಿಂದ ನಿಮ್ಮ ಆತಂಕ ನ್ಯಾಯವಾದದ್ದು. ಆದರೆ ಇದನ್ನು ರೋಗವೆಂದು ಕರೆಯಲು ನಾನು ಸಿದ್ಧನಿಲ್ಲ. ಕರುವಿಗೆ ಹಾಲೂಡಿಸುತ್ತಿರುವ, ಮೈಕಟ್ಟು ಚೆನ್ನಾಗಿರುವ ಬಲಿತ ಹಸು ಕರು ಹಾಕಿದ ಮೇಲೆ 50ರಿಂದ 60 ದಿನ ಬೆದೆಯಿಲ್ಲದೆ ಇರುವುದು ಸಹಜ. ಚೊಚ್ಚಲ ಹಸುಗಳಲ್ಲಿ ಆ ಅವಧಿ 80ರಿಂದ 100 ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು. ನಿಮ್ಮ ಹಿಂಡಿನಲ್ಲಿ ಆಗಿರುವುದು ಈ ಸಹಜ ವಿಳಂಬವು ಮಿತಿ ಮೀರಿ ಹಿಗ್ಗಿರುವುದು. ಅದನ್ನು ಮೊಟಕುಗೊಳಿಸಲು ದಾರಿಗಳಿವೆ. ಯಾವ ದಾರಿ ಯಾವ ಹಸುವಿಗೆ ಎಂಬುದು ಗೊತ್ತಾಗಬೇಕಾದರೆ ಒಳಗೆ ನಡೆಯುವುದೇನೆಂದು ಮೊದಲು ತಿಳಿಯಬೇಕು.

ಕರು ಹಾಕಿದ ಹಸುವಿನ ಅಂಡಾಶಯ ನಿದ್ರಿಸುತ್ತಿದೆ ಎಂದು ಅನೇಕರು ಭಾವಿಸುತ್ತಾರೆ. ಅದು ನಿಜವಲ್ಲ. ಗರ್ಭದ ಕೊನೆಯ ತಿಂಗಳುಗಳಲ್ಲಿ ರಕ್ತದಲ್ಲಿ ತುಂಬಿರುವ ಹಾರ್ಮೋನುಗಳಾದ ಪ್ರೊಜೆಸ್ಟೆರಾನ್ ಮತ್ತು ಈಸ್ಟ್ರೋಜನ್‌ಗಳ ಪ್ರಭಾವದಿಂದ ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯಲ್ಲಿ ಅಂಡ ಬಿಡುಗಡೆ ಮಾಡಿಸುವ ಎಲ್‌ಎಚ್ ಎಂಬ ಹಾರ್ಮೋನಿನ ದಾಸ್ತಾನು ಬರಿದಾಗಿರುತ್ತದೆ. ಅದು ಮತ್ತೆ ತುಂಬಿಕೊಳ್ಳಲು ಎರಡರಿಂದ ನಾಲ್ಕು ವಾರ ಬೇಕು. ಗರ್ಭಕೋಶ ಹಳೆಯ ಗಾತ್ರಕ್ಕೆ ಬಂದು ಒಳಪದರ ಸರಿಹೋಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆದರೆ ಅಂಡ ಬೆಳೆಯುವ ಪುಟ್ಟ ಚೀಲಗಳನ್ನು, ಅಂದರೆ ಅಂಡಕೋಶಿಕೆಗಳನ್ನು, ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನು ಅಷ್ಟು ದಿನ ಕಾಯುವುದಿಲ್ಲ. ಕರು ಹಾಕಿದ ಮೊದಲ ವಾರದಲ್ಲೇ ಅದು ಏರುತ್ತದೆ, ಹತ್ತನೆಯ ದಿನದ ಆಸುಪಾಸಿನಲ್ಲಿ ಅಂಡಾಶಯದಲ್ಲಿ ಕೋಶಿಕೆಗಳ ಹೊಸ ಅಲೆ ಶುರುವಾಗುತ್ತದೆ. ತಿಂಗಳು ತುಂಬುವ ಹೊತ್ತಿಗೆ ಸ್ಕ್ಯಾನ್ ಮಾಡಿ ನೋಡಿದರೆ, ಬೆದೆಯ ಸುಳಿವೇ ಇಲ್ಲದ ಹಸುವಿನಲ್ಲೂ 10 ಮಿಲಿಮೀಟರಿಗಿಂತ ದೊಡ್ಡ ಕೋಶಿಕೆ ಕಾಣಸಿಗುವುದು ಸಾಮಾನ್ಯ. ಅದು ಬೆಳೆಯುತ್ತದೆ, ಒಡೆಯದೆ ಕರಗುತ್ತದೆ. ಅದರ ಜಾಗದಲ್ಲಿ ಇನ್ನೊಂದು ಬೆಳೆಯುತ್ತದೆ, ಅದೂ ಕರಗುತ್ತದೆ.

ಕೊರತೆಯಿರುವುದು ಎಲ್‌ಎಚ್‌ನ ಮಿಡಿತದಲ್ಲಿ. ಈ ಹಾರ್ಮೋನು ಒಂದೇ ಸಮನೆ ಹರಿಯುವುದಿಲ್ಲ, ಬಿಟ್ಟು ಬಿಟ್ಟು ಚಿಮ್ಮುತ್ತದೆ. ಬಲಿತ ಕೋಶಿಕೆ ಈಸ್ಟ್ರೋಜನ್ ಸುರಿಸಿ, ಬೆದೆ ತರಿಸಿ, ಅಂಡವನ್ನು ಬಿಡುಗಡೆ ಮಾಡಬೇಕಾದರೆ ಸುಮಾರು ಗಂಟೆಗೊಂದು ಮಿಡಿತ ಬೇಕು. ಕರು ಜೊತೆಯಲ್ಲಿರುವ ಹಸುವಿನಲ್ಲಿ ಮೊದಲ ವಾರಗಳಲ್ಲಿ ಅದು ಹಲವು ಗಂಟೆಗಳಿಗೊಮ್ಮೆ ಮಾತ್ರ ಬರುತ್ತದೆ. ಪಿಟ್ಯೂಟರಿಗೆ ಆಜ್ಞೆ ಕೊಡುವ ಜಿಎನ್‌ಆರ್‌ಎಚ್ ಎಂಬ ಸಂಕೇತವನ್ನು ಮಿದುಳಿನ ಹೈಪೋಥಾಲಮಸ್ ಭಾಗವೇ ತಡೆಹಿಡಿದಿರುವುದು ಇದಕ್ಕೆ ಕಾರಣ. ಹಾಲೂಡಿಸುತ್ತಿರುವ ಹಸುವಿನ ಮಿದುಳು ಅಂಡಾಶಯದಿಂದ ಬರುವ ಅಲ್ಪ ಈಸ್ಟ್ರೋಜನ್‌ಗೂ ಅತಿಯಾಗಿ ಸ್ಪಂದಿಸಿ ತನ್ನ ಸಂಕೇತವನ್ನು ಕುಗ್ಗಿಸಿಕೊಳ್ಳುತ್ತದೆ. ದೇಹವೇ ತಯಾರಿಸುವ ಅಫೀಮಿನ ಗುಣದ ಎಂಡಾರ್ಫಿನ್‌ಗಳಿಗೂ ಇದರಲ್ಲಿ ಕೈಯಿದೆ. ಅವುಗಳ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಎಂಬ ಔಷಧವನ್ನು ಹಾಲೂಡಿಸುವ ಹಸುಗಳಿಗೆ ಕೊಟ್ಟಾಗ ಎಲ್‌ಎಚ್ ಏರಿದ್ದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಹಾಗೆಂದು ಅದು ಚಿಕಿತ್ಸೆಯಲ್ಲ.

ಈಗ ‘ಹಾಲಿನ ಹಾರ್ಮೋನು’ ಎಂಬ ಮಾತಿಗೆ ಬರೋಣ. ಅವರು ಹೇಳುತ್ತಿರುವುದು ಪ್ರೊಲ್ಯಾಕ್ಟಿನ್ ಬಗ್ಗೆ. ಕರು ಮೊಲೆಗೆ ಬಾಯಿ ಹಾಕಿದಾಗ ಅದು ಏರುವುದು ನಿಜ. ಆದರೆ ಔಷಧದಿಂದ ಪ್ರೊಲ್ಯಾಕ್ಟಿನ್ ಇಳಿಸಿದರೂ ಹಸುವಿನ ಎಲ್‌ಎಚ್ ಮಿಡಿತ ಮರಳುವುದಿಲ್ಲ. ಆದ್ದರಿಂದ ಹಸುಗಳ ಮಟ್ಟಿಗೆ ಅದನ್ನು ಮುಖ್ಯ ಅಪರಾಧಿ ಎನ್ನಲಾಗದು. ಹಾಲು ಇಳಿಸುವ ಆಕ್ಸಿಟೋಸಿನ್ ಕೂಡ ಅಲ್ಲ. ಹಾಲಿನ ಪ್ರಮಾಣವೂ ಪ್ರಧಾನ ಕಾರಣವಲ್ಲ ಎಂಬುದಕ್ಕೆ ನೀವೇ ಸಾಕ್ಷಿ ಕೊಟ್ಟಿದ್ದೀರಿ: ಯಂತ್ರದಿಂದ ಕರೆಸಿಕೊಳ್ಳುವ ಡೇರಿ ಹಸು ನಿಮ್ಮ ಹಸುವಿಗಿಂತ ಎಷ್ಟೋ ಪಟ್ಟು ಹೆಚ್ಚು ಹಾಲು ಕೊಟ್ಟೂ ಮೂರು ನಾಲ್ಕು ವಾರಗಳಲ್ಲೇ ಮೊದಲ ಅಂಡ ಬಿಡುಗಡೆ ಮಾಡಬಲ್ಲದು. ಹೆಚ್ಚು ಹಾಲಿನಿಂದ ದೇಹ ಬಸವಳಿದರೆ ಅದರ ತೊಂದರೆ ಬೇರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ತಡೆ ಎಲ್ಲಿಂದ ಬರುತ್ತದೆ? ನನ್ನ ವೃತ್ತಿಯಲ್ಲಿ ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ ಸಂಗತಿಗಳಲ್ಲಿ ಇದೊಂದು. ಮೊಲೆತೊಟ್ಟಿನ ಸ್ಪರ್ಶವೇ ಕಾರಣವೆಂದು ಹಿಂದೆ ಎಲ್ಲರೂ ನಂಬಿದ್ದರು. ಆದರೆ ಕೆಚ್ಚಲಿನ ನರಗಳನ್ನು ಕತ್ತರಿಸಿದ ಹಸುಗಳಲ್ಲೂ ಕರು ಜೊತೆಯಿದ್ದಾಗ ತಡೆ ಹಾಗೆಯೇ ಉಳಿಯಿತು. ಕೆಚ್ಚಲನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕಿದ ಹಸುಗಳಲ್ಲಿ, ಅಂದರೆ ಹಾಲೂ ಇಲ್ಲದ, ಮೊಲೆಯೂ ಇಲ್ಲದ ಹಸುಗಳಲ್ಲಿ, ಸ್ವಂತ ಕರು ಬಳಿಯಲ್ಲಿದ್ದು ತೊಡೆಸಂದಿಯನ್ನು ಮೂತಿಯಿಂದ ಗುದ್ದುತ್ತಿದ್ದರೆ ಬೆದೆ ತಡವಾಯಿತು. ಕರುವನ್ನು ದೂರ ಮಾಡಿದವುಗಳಲ್ಲಿ ಬೇಗ ಮರಳಿತು. ಇನ್ನೂ ಸೋಜಿಗದ ಫಲಿತಾಂಶ ಬಂದದ್ದು ಪರಕೀಯ ಕರುವಿನ ಪ್ರಯೋಗದಲ್ಲಿ. ತನ್ನದಲ್ಲದ, ತಾನು ಒಪ್ಪದ ಕರು ಮೊಲೆಯುಂಡರೆ ಹಸುವಿನ ಎಲ್‌ಎಚ್ ಕುಗ್ಗುವುದಿಲ್ಲ. ಕರುವನ್ನೇ ಬೇರ್ಪಡಿಸಿದರೆ ಹೇಗೋ ಹಾಗೆಯೇ ಮಿಡಿತ ಏರುತ್ತದೆ. ತನ್ನ ಕರುವೇ ಉಂಡರೂ, ಹಸು ಅದನ್ನು ನೋಡಲೂ ಮೂಸಿ ಗುರುತಿಸಲೂ ಆಗದಂತೆ ದೃಷ್ಟಿ ಮತ್ತು ವಾಸನೆ ಎರಡನ್ನೂ ಒಟ್ಟಿಗೆ ತಡೆದಾಗ ಫಲಿತಾಂಶ ಅದೇ. ಎರಡರಲ್ಲಿ ಒಂದು ಉಳಿದಿದ್ದರೂ ಹಸು ತನ್ನ ಕರುವನ್ನು ಗುರುತಿಸಿಬಿಡುತ್ತದೆ, ತಡೆ ಮುಂದುವರಿಯುತ್ತದೆ.

ಇದರಿಂದ ತಿಳಿಯುವುದು ಇಷ್ಟು: ಹಸುವಿನ ಬೆದೆಯನ್ನು ಹಿಡಿದಿಟ್ಟಿರುವುದು ಹಾಲಲ್ಲ, ‘ಇದು ನನ್ನ ಕರು, ಇದು ಉಣ್ಣುತ್ತಿದೆ’ ಎಂಬ ತಾಯಿಯ ಗುರುತು. ಕರು ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ, ತಾಯಿ ಮೈನೆಕ್ಕುವಾಗಲೇ ಈ ನಂಟು ಕೂಡಿಕೊಳ್ಳುತ್ತದೆ. ದಿನಕ್ಕೆ ನಾಲ್ಕಾರು ಬಾರಿ ಅಥವಾ ಅದಕ್ಕೂ ಹೆಚ್ಚು ಸಲ ಕರು ಬಂದು ಉಂಡಾಗಲೆಲ್ಲ ಮಿದುಳಿಗೆ ಅದೇ ಸಂದೇಶ ಮರಳಿ ತಲುಪುತ್ತದೆ. ಸಂದೇಶಗಳ ಸಂಖ್ಯೆ ದಿನಕ್ಕೆ ಎರಡಕ್ಕೆ ಅಥವಾ ಒಂದಕ್ಕೆ ಇಳಿದರೆ ತಡೆ ಸಡಿಲವಾಗುತ್ತದೆ. ಎರಡು ಕರುಗಳನ್ನು ಸಾಕುವ ಹಸುವಿನಲ್ಲಿ ಬಿಗಿಯಾಗುತ್ತದೆ. ಬೆನ್ನ ಮೇಲೆ ಡುಬ್ಬವಿರುವ ಉಷ್ಣವಲಯದ ತಳಿಗಳಲ್ಲಿ ಮತ್ತು ಅವುಗಳ ರಕ್ತ ಬೆರೆತ ಮಿಶ್ರತಳಿಗಳಲ್ಲಿ ತಾಯಿ-ಕರುವಿನ ನಂಟು ಗಟ್ಟಿ; ಅವುಗಳಲ್ಲಿ ಬೆದೆಯಿಲ್ಲದ ಅವಧಿಯೂ ದೀರ್ಘ. ಕರುವಿನ ಬಾಯಿಗೆ ಕುಕ್ಕೆ ಕಟ್ಟಿ ತಾಯಿಯ ಪಕ್ಕದಲ್ಲೇ ಬಿಡುವ ಉಪಾಯದಿಂದ ಹಲವರಿಗೆ ನಿರೀಕ್ಷಿಸಿದ ಫಲ ಸಿಗದಿರುವುದಕ್ಕೂ ಇದೇ ಕಾರಣ: ಹಾಲು ನಿಲ್ಲುತ್ತದೆ, ಆದರೆ ಕರು ಎದುರಿಗೇ ಇರುತ್ತದೆ.

ನಿಮ್ಮ ಎರಡು ಹಸುಗಳು ಒಂಬತ್ತು ಹತ್ತು ದಿನಕ್ಕೇ ಮತ್ತೆ ಬೆದೆ ತೋರಿಸಿದ್ದು ಕೆಟ್ಟ ಸುದ್ದಿಯಲ್ಲ. ಕರು ಹಾಕಿದ ನಂತರದ ಮೊದಲ ಅಂಡ ಬಿಡುಗಡೆ ಬಹುತೇಕ ಹಸುಗಳಲ್ಲಿ ಬೆದೆಯ ಲಕ್ಷಣಗಳಿಲ್ಲದೆ ಮೌನವಾಗಿ ನಡೆದುಹೋಗುತ್ತದೆ. ಕೆಲವು ಹಸುಗಳು ಮಾತ್ರ ಲಕ್ಷಣ ತೋರುತ್ತವೆ. ಅಂಡ ಹೊರಬಿದ್ದ ಜಾಗದಲ್ಲಿ ಹಳದಿ ಗ್ರಂಥಿ ಬೆಳೆದು ಪ್ರೊಜೆಸ್ಟೆರಾನ್ ಸ್ರವಿಸತೊಡಗುತ್ತದೆ. ಹಲವು ವಾರ ಪ್ರೊಜೆಸ್ಟೆರಾನ್‌ನ ಸಂಪರ್ಕವೇ ಇಲ್ಲದಿದ್ದ ಗರ್ಭಕೋಶ ಅವಧಿಗೆ ಮುಂಚೆಯೇ ಪ್ರೊಸ್ಟಗ್ಲಾಂಡಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡಿ ಆ ಗ್ರಂಥಿಯನ್ನು ಕರಗಿಸಿಬಿಡುತ್ತದೆ. ಹಾಗಾಗಿ 21 ದಿನ ನಡೆಯಬೇಕಾದ ಋತುಚಕ್ರ ಎಂಟು ಹತ್ತು ದಿನಕ್ಕೇ ಮುಗಿಯುತ್ತದೆ. ಈ ಮೊದಲ ಬೆದೆಯಲ್ಲಿ ಹೋರಿ ಹಾರಿದರೂ, ವೀರ್ಯ ಹಾಕಿಸಿದರೂ ಗಬ್ಬ ನಿಲ್ಲುವುದು ಅಪರೂಪ. ಏಕೆಂದರೆ ‘ನಾನಿದ್ದೇನೆ’ ಎಂದು ಭ್ರೂಣ ಗರ್ಭಕೋಶಕ್ಕೆ ಸಂಕೇತ ಕಳಿಸುವುದು ಸುಮಾರು 16ನೆಯ ದಿನದ ಹೊತ್ತಿಗೆ, ಅಷ್ಟರೊಳಗೆ ಅದನ್ನು ಉಳಿಸಬೇಕಾದ ಗ್ರಂಥಿಯೇ ಇರುವುದಿಲ್ಲ. ಆದರೆ ಈ ಕಿರುಚಕ್ರ ಗರ್ಭಕೋಶವನ್ನು ಹದಗೊಳಿಸುತ್ತದೆ, ಅದರ ನಂತರದ್ದು ಸರಿಯಾದ ಚಕ್ರ. ಅಂದರೆ ಆ ಎರಡು ಹಸುಗಳಿಗೆ ಎರಡನೆಯ ಬೆದೆಯಲ್ಲಿ ಗರ್ಭಧಾರಣೆ ಮಾಡಿಸಿದ್ದರೆ ಸರಿಯಾದ ಕೆಲಸವೇ ಆಗಿದೆ. ಇಲ್ಲದಿದ್ದರೆ ಮೂರು ವಾರಕ್ಕೆ ಬರುವ ಮುಂದಿನ ಬೆದೆಯನ್ನು ತಪ್ಪಿಸಬೇಡಿ. ಚಿಕಿತ್ಸೆ ಅವುಗಳಿಗೆ ಬೇಕಿಲ್ಲ.

ಕರು ಎಲ್ಲ ಹಸುಗಳ ಜೊತೆಯಲ್ಲೂ ಇದೆಯಲ್ಲ, ಹಾಗಾದರೆ ಕೆಲವು ಮಾತ್ರ ಬೇಗ ಬೆದೆಗೆ ಬಂದದ್ದು ಹೇಗೆ ಎಂದು ನೀವು ಕೇಳಬಹುದು. ಇಲ್ಲಿ ಎರಡನೆಯ ಕಾರಣ ಸೇರುತ್ತದೆ: ಮೈಯಲ್ಲಿರುವ ಶೇಖರಣೆ. ಹಸು ತಿಂದ ಆಹಾರ ಮೊದಲು ಜೀವ ನಡೆಸಲು, ನಂತರ ಬೆಳವಣಿಗೆಗೆ ಮತ್ತು ಹಾಲಿಗೆ ಹೋಗುತ್ತದೆ. ಸಂತಾನದ ಪಾಲು ಕೊನೆಯದು. ಮನೆಖರ್ಚಿಗೇ ಸಾಲದಿರುವಾಗ ಮದುವೆಯ ಮಾತು ಎತ್ತದಂತೆ, ಕೊಬ್ಬಿನ ಸಂಗ್ರಹ ಕರಗುತ್ತಿರುವ ಹಸುವಿನ ಮಿದುಳು ಹೊಸ ಗರ್ಭದ ಯೋಚನೆಯನ್ನು ಮುಂದೂಡುತ್ತದೆ. ಕೊಬ್ಬಿನ ಅಂಗಾಂಶದಿಂದ ಬರುವ ಲೆಪ್ಟಿನ್, ರಕ್ತದ ಇನ್ಸುಲಿನ್, ಪಿತ್ತಜನಕಾಂಗದಿಂದ ಬರುವ ಐಜಿಎಫ್-1 ಎಂಬ ಹಾರ್ಮೋನುಗಳೆಲ್ಲ ಕುಗ್ಗಿದಾಗ ಜಿಎನ್‌ಆರ್‌ಎಚ್ ಮಿಡಿತವೂ ಕುಗ್ಗುತ್ತದೆ, ಕೋಶಿಕೆಯೂ ಬಲಿಯುವುದಿಲ್ಲ. ಕರುವಿನ ತಡೆ ಮತ್ತು ಹಸಿವಿನ ತಡೆ ಒಂದಕ್ಕೊಂದು ಬಲ ಕೊಡುತ್ತವೆ. ಮೈತುಂಬಿಕೊಂಡ ಹಸು ಕರು ಜೊತೆಯಲ್ಲಿದ್ದರೂ ಎರಡು ತಿಂಗಳಿಗೆ ತಡೆಯಿಂದ ಬಿಡಿಸಿಕೊಳ್ಳುತ್ತದೆ. ಪಕ್ಕೆಲುಬು ಎದ್ದ ಹಸು ಅದೇ ಕರುವಿನೊಂದಿಗೆ ನಾಲ್ಕು ತಿಂಗಳಾದರೂ ಬಿಡಿಸಿಕೊಳ್ಳಲಾರದು.

ಮಾಂಸತಳಿಗಳ ಮೈಕಟ್ಟನ್ನು 1ರಿಂದ 9ರ ಅಂಕಗಳಲ್ಲಿ ಅಳೆಯುವ ಪದ್ಧತಿ ಇದೆ. 1 ಎಂದರೆ ಎಲುಬಿನ ಹಂದರ, 9 ಎಂದರೆ ಅತಿಯಾದ ಕೊಬ್ಬು. ಕರು ಹಾಕುವ ದಿನ ಬಲಿತ ಹಸು 5ರಲ್ಲಿ, ಚೊಚ್ಚಲ ಹಸು 6ರಲ್ಲಿ ಇರಬೇಕು. ಕೊನೆಯ ಒಂದೆರಡು ಪಕ್ಕೆಲುಬು ಮಸುಕಾಗಿ ಕಂಡು, ಬಾಲದ ಬುಡದ ಎರಡೂ ಬದಿ ಕೈಗೆ ಮೆತ್ತಗೆ ಸಿಕ್ಕರೆ ಅದು 5ರ ಹತ್ತಿರ; ಬೆನ್ನೆಲುಬಿನ ಗೆಣ್ಣುಗಳು ಒಂದೊಂದಾಗಿ ಎಣಿಸುವಂತಿದ್ದರೆ 3 ಅಥವಾ ಅದಕ್ಕೂ ಕೆಳಗೆ. ಬಲಿತ ಹಸುವಿನಲ್ಲಿ ಒಂದು ಅಂಕ ಏರುವುದೆಂದರೆ ಸುಮಾರು 40 ಕಿಲೋ ತೂಕ. ಕರು ಹಾಕಿದ ಮೇಲೆ ಆ 40 ಕಿಲೋ ಗಳಿಸುವುದು ಬಹಳ ಕಷ್ಟ. ಆರರಿಂದ ಎಂಟನೆಯ ವಾರದಲ್ಲಿ ಹಾಲು ತನ್ನ ತುದಿ ಮುಟ್ಟುತ್ತದೆ, ನೀವು ಹೆಚ್ಚಿಗೆ ಹಾಕಿದ ಹಿಂಡಿಯೂ ಮೇವೂ ಹಾಲಾಗಿ ಕರುವಿನ ಹೊಟ್ಟೆ ಸೇರುತ್ತವೆ. ಕರು ಹಾಕುವುದಕ್ಕೆ ಮೂರು ತಿಂಗಳ ಮೊದಲು, ಹಾಲಿಲ್ಲದ ಕಾಲದಲ್ಲಿ ಅದೇ ಮೇವು ಮೈಗೆ ಹತ್ತುತ್ತದೆ. ಈ ಒಂದು ಮಾತನ್ನು ಎಷ್ಟು ಒತ್ತಿ ಹೇಳಿದರೂ ಸಾಲದು, ಏಕೆಂದರೆ ನನ್ನ ಬಳಿ ಬರುವ ಬಹುತೇಕ ಪ್ರಶ್ನೆಗಳು ಹುಟ್ಟುವುದು ಕರು ಹಾಕಿದ ಮೇಲೆಯೇ. ಅಷ್ಟು ಹೊತ್ತಿಗೆ ಅಗ್ಗದ ಪರಿಹಾರದ ಕಾಲ ದಾಟಿರುತ್ತದೆ.

ಚೊಚ್ಚಲ ಹಸುಗಳ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚು. ಅವು ಹಾಲು ಕೊಡುತ್ತಾ ತಾವೂ ಬೆಳೆಯುತ್ತಿರುತ್ತವೆ. ಅದೇ ವಯಸ್ಸಿನಲ್ಲಿ ಹಾಲುಹಲ್ಲು ಬಿದ್ದು ಹೊಸ ಬಾಚಿಹಲ್ಲು ಬರುತ್ತಿರುತ್ತವೆ, ಗಟ್ಟಿ ಮೇವು ಕಚ್ಚುವುದು ತ್ರಾಸ. ಬಾನಿಯ ಬಳಿ ಹಿರಿಯ ಹಸುಗಳು ಕೋಡು ಬೀಸಿ ಅವುಗಳನ್ನು ಹಿಂದಕ್ಕೆ ಅಟ್ಟುತ್ತವೆ. ಹೆರಿಗೆಯೂ ಕಷ್ಟದ್ದಾಗಿದ್ದರೆ ಗರ್ಭಕೋಶ ಸುಧಾರಿಸಿಕೊಳ್ಳುವುದೂ ತಡ. ಇಷ್ಟೆಲ್ಲ ಇರುವಾಗ 75 ದಿನಕ್ಕೆ ಒಂದೂ ಬೆದೆಗೆ ಬರದಿರುವುದು ನನಗೆ ಆಶ್ಚರ್ಯದ ವಿಷಯವಲ್ಲ.

ಗರ್ಭಕೋಶ ತೊಳೆಸುವ ಸಲಹೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸತ್ತೆ (ಮಾಸು) ಬೀಳದೆ ಉಳಿದಿದ್ದರೆ, ಕೀವು ಬೆರೆತ ಅಥವಾ ದುರ್ವಾಸನೆಯ ಸ್ರಾವವಿದ್ದರೆ, ಜ್ವರ ಬಂದಿದ್ದರೆ ವೈದ್ಯರು ಪರೀಕ್ಷಿಸಿ ಚಿಕಿತ್ಸೆ ನೀಡಬೇಕು. ಗರ್ಭಕೋಶದಲ್ಲಿ ಕೀವು ತುಂಬಿ ಹಳದಿ ಗ್ರಂಥಿ ಕರಗದೆ ಉಳಿದುಕೊಂಡ ಹಸುವೂ ಬೆದೆಗೆ ಬರುವುದಿಲ್ಲ. ಅದು ನಿಜವಾದ ರೋಗ. ಆದರೆ ಅರ್ಧ ಹಿಂಡಿಗೆ ಒಂದೇ ಸಲ ಆ ರೋಗ ಬರುವುದಿಲ್ಲ. ಆರೋಗ್ಯವಂತ ಗರ್ಭಕೋಶಕ್ಕೆ ಔಷಧ ಹಾಕಿಸುವುದರಿಂದ ಒಳಪದರಕ್ಕೆ ಕೆರಳಿಕೆಯಾಗುತ್ತದೆ, ಸೋಂಕು ಒಳಹೋಗಲು ದಾರಿಯಾಗುತ್ತದೆ. ಖನಿಜ ಮಿಶ್ರಣದ ಮಾತೂ ಹೆಚ್ಚುಕಡಿಮೆ ಹೀಗೆಯೇ. ರಂಜಕ, ತಾಮ್ರ, ಸೆಲೆನಿಯಂಗಳ ಕೊರತೆ ಇದ್ದರೆ ಅದನ್ನು ತುಂಬಲೇಬೇಕು. ಹೊಟ್ಟೆಗೆ ಸಾಲದ ಹಸುವಿಗೆ ಖನಿಜ ಮಾತ್ರ ಕೊಟ್ಟರೆ ಬೆದೆ ಬರುವುದಿಲ್ಲ.

ಏನನ್ನಾದರೂ ಮಾಡುವ ಮೊದಲು ಒಂದು ಅನುಮಾನವನ್ನು ಪರಿಹರಿಸಿಕೊಳ್ಳಿ: ಬೆದೆ ಬಂದೇ ಇಲ್ಲವೇ, ಅಥವಾ ಬಂದದ್ದು ಕಣ್ಣಿಗೆ ಬಿದ್ದಿಲ್ಲವೇ? ಡುಬ್ಬವಿರುವ ತಳಿಗಳಲ್ಲಿ ಬೆದೆ ಸುಮಾರು ಹತ್ತು ಗಂಟೆ ಮಾತ್ರ ಇದ್ದು, ಎಷ್ಟೋ ಸಲ ರಾತ್ರಿಯಲ್ಲೇ ಶುರುವಾಗಿ ಮುಗಿದಿರುತ್ತದೆ. ಪಶುವೈದ್ಯರು ಕೈಹಾಕಿ ಅಥವಾ ಸ್ಕ್ಯಾನ್ ಮಾಡಿ ನೋಡಿದರೆ ಹಳದಿ ಗ್ರಂಥಿ ಇರುವ ಹಸುಗಳು ಯಾವುವು, ಇಲ್ಲದವು ಯಾವುವು ಎಂದು ತಿಳಿಯುತ್ತದೆ. ಹತ್ತು ದಿನ ಬಿಟ್ಟು ಎರಡು ಸಲ ನೋಡಿದರೆ ಉತ್ತರ ಇನ್ನೂ ಖಚಿತ. ಇದಕ್ಕೆ ತಗಲುವ ವೆಚ್ಚ ಮುಂದಿನ ಅನಗತ್ಯ ಇಂಜೆಕ್ಷನ್‌ಗಳ ವೆಚ್ಚಕ್ಕಿಂತ ಕಡಿಮೆ.

ಈಗ ಪರಿಹಾರಗಳು. ಎಲ್ಲಕ್ಕಿಂತ ಸರಳವಾದದ್ದು ಹೋರಿಯ ಸಹವಾಸ. ಕರು ಹಾಕಿ ಒಂದು ತಿಂಗಳಾದ ಹಸುಗಳ ನಡುವೆ ಹೋರಿಯನ್ನು ಬಿಟ್ಟರೆ, ಅದರ ಮೂತ್ರದ ವಾಸನೆ ಮತ್ತು ಸಾಮೀಪ್ಯದಿಂದಲೇ ಹಸುಗಳ ಎಲ್‌ಎಚ್ ಮಿಡಿತ ಚುರುಕಾಗಿ, ಬೆದೆ ಒಂದೆರಡು ವಾರ ಮುಂಚಿತವಾಗಿ ಬರಬಹುದು. ಕೃತಕ ಗರ್ಭಧಾರಣೆ ಮಾಡಿಸುವವರು ವೀರ್ಯನಾಳ ಕತ್ತರಿಸಿದ ಹೋರಿಯನ್ನು ಬಳಸುತ್ತಾರೆ. ಆದರೆ ಅದೂ ಹಾರುವುದರಿಂದ ಟ್ರೈಕೊಮೊನಾಸ್, ಕ್ಯಾಂಪಿಲೋಬ್ಯಾಕ್ಟರ್‌ನಂತಹ ಸಂಗದಿಂದ ಹರಡುವ ಸೋಂಕುಗಳ ಪರೀಕ್ಷೆ ಮೊದಲೇ ಆಗಿರಬೇಕು. ತೀರ ಬಡಕಲಾದ ಹಸುಗಳಲ್ಲಿ ಇದರ ಫಲ ಕಡಿಮೆ.

ಎರಡನೆಯದು ಉಣಿಸುವುದನ್ನು ಮಿತಗೊಳಿಸುವುದು. ಕರುವಿಗೆ ಒಂದು ತಿಂಗಳು ತುಂಬಿದ ಮೇಲೆ ಅದನ್ನು ತಾಯಿಯ ಕಣ್ಣಿಗೂ ಮೂಗಿಗೂ ಸಿಗದಷ್ಟು ದೂರದಲ್ಲಿ ಇಟ್ಟು, ದಿನಕ್ಕೆ ಒಂದು ಅಥವಾ ಎರಡು ಸಲ ಅರ್ಧ ಗಂಟೆಯಷ್ಟು ಹೊತ್ತು ಮಾತ್ರ ಬಿಡುವುದು. ಬೇಲಿಯ ಆಚೆಬದಿ ಕಟ್ಟಿದರೆ ಸಾಲದು; ಮೇಲೆ ಹೇಳಿದ ಪ್ರಯೋಗಗಳನ್ನು ನೆನಪಿಸಿಕೊಳ್ಳಿ. ಕರುವಿಗೆ ಎಳೆಯ ಮೇವು, ಕರುಗಳ ಪುಷ್ಟಿ ಆಹಾರ ಮತ್ತು ಶುದ್ಧ ನೀರು ಸದಾ ಸಿಗುತ್ತಿದ್ದರೆ ಬೆಳವಣಿಗೆಗೆ ಹೇಳಿಕೊಳ್ಳುವಂತಹ ಹೊಡೆತ ಬೀಳುವುದಿಲ್ಲ. ತೊಡಕಿರುವುದು ಕೆಲಸದಲ್ಲಿ: 32 ಕರುಗಳನ್ನು ಪ್ರತಿದಿನ ಬಿಟ್ಟು ಹಿಡಿಯುವುದಕ್ಕೆ ಜನ ಬೇಕು. ಚಿಕ್ಕ ಹಿಂಡಿಗೆ, ಅದರಲ್ಲೂ ಚೊಚ್ಚಲ ಹಸುಗಳಿಗೆ ಮಾತ್ರ ಮಾಡುವುದಾದರೆ ಇದು ನನಗೆ ಬಹಳ ಇಷ್ಟವಾದ ಕ್ರಮ.

ನೀವು ಕೇಳಿಸಿಕೊಂಡ ಎರಡು ದಿನದ ಬೇರ್ಪಡಿಕೆ, ಅಂದರೆ 48 ಗಂಟೆಗಳ ಕ್ರಮ, ಸುಳ್ಳಲ್ಲ. ಆದರೆ ‘ಅಷ್ಟೇ ಸಾಕು’ ಎಂಬ ಮಾತು ಅರ್ಧಸತ್ಯ. ಕರು ದೂರವಾದ ಒಂದೆರಡು ದಿನಗಳಲ್ಲಿ ಎಲ್‌ಎಚ್ ಮಿಡಿತ ಏರತೊಡಗುತ್ತದೆ. ಆ ಹೊತ್ತಿಗೆ ಸರಿಯಾಗಿ ಬಲಿತ ಕೋಶಿಕೆ ಸಿದ್ಧವಿದ್ದರೆ ಅಂಡ ಬಿಡುಗಡೆಯಾಗಬಹುದು. ಸಿದ್ಧವಿಲ್ಲದಿದ್ದರೆ ಕರು ಮರಳಿದೊಡನೆ ಮಿಡಿತ ಮತ್ತೆ ಕುಸಿಯುತ್ತದೆ, ಶ್ರಮ ವ್ಯರ್ಥ. ಆದ್ದರಿಂದ ಇದನ್ನು ಒಂಟಿಯಾಗಿ ಮಾಡುವುದಕ್ಕಿಂತ ಪ್ರೊಜೆಸ್ಟೆರಾನ್ ಚಿಕಿತ್ಸೆಯ ಕೊನೆಗೆ ಜೋಡಿಸುವುದು ಮೇಲು. ಕರುವಿಗೆ 30 ದಿನ ತುಂಬಿರಬೇಕು. ಭೇದಿ ಅಥವಾ ಕೆಮ್ಮು ಇರುವ ಕರುವನ್ನು ಬೇರ್ಪಡಿಸಬಾರದು. ಮಳೆಗಾಳಿಯ ದಿನಗಳನ್ನು ಬಿಡಿ. ಕರುಗಳ ದೊಡ್ಡಿ ಗಟ್ಟಿಯಾಗಿರಬೇಕು, ನೆರಳು, ನೀರು, ಒಳ್ಳೆಯ ಒಣಹುಲ್ಲು ಇರಬೇಕು. ತಾಯಿ ಹಸುಗಳು ಕೂಗುತ್ತವೆ, ಬೇಲಿ ಮುರಿಯುತ್ತವೆ. ಬೇಲಿ ದುರ್ಬಲವಾಗಿದ್ದರೆ ಈ ಕೆಲಸಕ್ಕೆ ಕೈಹಾಕಲೇಬೇಡಿ. ಮರಳಿ ಬಿಟ್ಟ ದಿನ ಹಸಿದ ಕರು ತುಂಬಿದ ಕೆಚ್ಚಲನ್ನು ಒಮ್ಮೆಲೇ ಉಂಡು ಹೊಟ್ಟೆ ಕೆಡಿಸಿಕೊಳ್ಳಬಹುದು, ಗಮನವಿರಲಿ. ಪ್ರತಿ ಕರುವೂ ತನ್ನ ತಾಯಿಯನ್ನು ಸೇರಿಕೊಂಡಿತೇ ಎಂದು ಕಣ್ಣಾರೆ ನೋಡಿಯೇ ಹಿಂತಿರುಗಿ.

ಎಲ್ಲಕ್ಕಿಂತ ಬಲವಾದ ಉಪಾಯವೆಂದರೆ ಹಾಲು ಬೇಗ ಬಿಡಿಸುವುದು. ಕರುವಿಗೆ ಎರಡು ತಿಂಗಳು ತುಂಬಿದ ಮೇಲೆ ಪೂರ್ತಿಯಾಗಿ ಬೇರ್ಪಡಿಸಿದರೆ ಕರುವಿನ ತಡೆ ಮತ್ತು ಹಾಲಿನ ಭಾರ ಎರಡೂ ಒಟ್ಟಿಗೆ ಇಳಿಯುತ್ತವೆ. ಮೈಕಟ್ಟು ತಕ್ಕಮಟ್ಟಿಗಿರುವ ಹಸುಗಳು ಎರಡು ಮೂರು ವಾರಗಳಲ್ಲಿ ಬೆದೆಗೆ ಬರುತ್ತವೆ. ಬೆಲೆ ತೆರುವುದು ಕರುವಿನ ಕಡೆಯಿಂದ: ಅದಕ್ಕೆ ಶೇಕಡ 16ರಿಂದ 18ರಷ್ಟು ಪ್ರೋಟೀನ್ ಇರುವ ರುಚಿಕರವಾದ ಪುಷ್ಟಿ ಆಹಾರ ಕೊಡಬೇಕು, ಬೇರ್ಪಡಿಸುವ ಮೊದಲೇ ಅದನ್ನು ತಿನ್ನಲು ಕಲಿಸಿರಬೇಕು, ಲಸಿಕೆ ಮತ್ತು ಜಂತುನಾಶಕದ ವಿಷಯದಲ್ಲಿ ಉದಾಸೀನ ಕೂಡದು. ಅಷ್ಟು ಆರೈಕೆ ಮಾಡಲಾಗದವರು ಇದನ್ನು ಆಯ್ದುಕೊಂಡರೆ ಹಸು ಗಬ್ಬವಾಗುತ್ತದೆ, ಕರು ಸೊರಗುತ್ತದೆ.

ಕೊನೆಗೆ ಇಂಜೆಕ್ಷನ್. ‘ಬೆದೆಯ ಇಂಜೆಕ್ಷನ್’ ಎಂಬ ಹೆಸರಿನಲ್ಲಿ ಹೆಚ್ಚಾಗಿ ಕೊಡುವುದು ಪ್ರೊಸ್ಟಗ್ಲಾಂಡಿನ್. ಅದರ ಕೆಲಸ ಹಳದಿ ಗ್ರಂಥಿಯನ್ನು ಕರಗಿಸುವುದು. ಗ್ರಂಥಿಯೇ ಇಲ್ಲದ ಹಸುವಿಗೆ ಅದನ್ನು ಎಷ್ಟು ಸಲ ಕೊಟ್ಟರೂ ಬೆದೆ ಬರುವುದಿಲ್ಲ. ಗಬ್ಬವಾಗಿರುವುದು ತಿಳಿಯದೆ ಕೊಟ್ಟರೆ ಹಸು ಕಂದು ಹಾಕುತ್ತದೆ, ಅಂದರೆ ಗರ್ಭಪಾತವಾಗುತ್ತದೆ. ಅದು ಚರ್ಮದ ಮೂಲಕವೂ ದೇಹ ಸೇರುವುದರಿಂದ ಗರ್ಭಿಣಿಯರು ಮತ್ತು ಆಸ್ತಮಾ ಇರುವವರು ಆ ಔಷಧವನ್ನು ಮುಟ್ಟಲೇಬಾರದು. ಜಿಎನ್‌ಆರ್‌ಎಚ್ ಇಂಜೆಕ್ಷನ್ ಒಂದನ್ನೇ ಕೊಟ್ಟರೆ ದೊಡ್ಡ ಕೋಶಿಕೆ ಒಡೆಯಬಹುದು, ಆದರೆ ಆಗಲೂ ಅದೇ ಕಿರುಚಕ್ರ. ನಿಜಕ್ಕೂ ಬೆದೆಯಿಲ್ಲದ ಹಸುವಿಗೆ ತರ್ಕಬದ್ಧವಾದ ಚಿಕಿತ್ಸೆ ಪ್ರೊಜೆಸ್ಟೆರಾನ್: ಆ ಹಾರ್ಮೋನನ್ನು ನಿಧಾನವಾಗಿ ಬಿಡುವ ಸಾಧನವನ್ನು ಯೋನಿಯೊಳಗೆ ಸುಮಾರು ಏಳು ದಿನ ಇಟ್ಟು ತೆಗೆಯುತ್ತಾರೆ. ಗರ್ಭಕೋಶ ಹದಗೊಂಡು ಕಿರುಚಕ್ರ ತಪ್ಪುತ್ತದೆ, ತೆಗೆದ ಮೇಲೆ ಎಲ್‌ಎಚ್ ಮಿಡಿತ ಚೇತರಿಸುತ್ತದೆ. ತೆಗೆಯುವ ದಿನ ಪ್ರೊಸ್ಟಗ್ಲಾಂಡಿನ್, ಅಗತ್ಯವಿದ್ದರೆ ಕೋಶಿಕೆಗಳನ್ನು ಬೆಳೆಸುವ ಇಸಿಜಿ ಎಂಬ ಹಾರ್ಮೋನಿನ 300ರಿಂದ 400 ಘಟಕ ಕೊಟ್ಟು, ಎರಡರಿಂದ ಮೂರು ದಿನಗಳ ನಡುವೆ ನಿಗದಿತ ವೇಳೆಗೆ ಗರ್ಭಧಾರಣೆ ಮಾಡುತ್ತಾರೆ. 48 ಗಂಟೆಗಳ ಕರು ಬೇರ್ಪಡಿಕೆಯನ್ನು ಜೋಡಿಸುವುದು ಈ ಹಂತದಲ್ಲೇ. ಇಸಿಜಿ ಪ್ರಮಾಣ ಮೀರಿದರೆ ಅವಳಿ ಗರ್ಭದ ಅಪಾಯವಿದೆ. ಕೆಲವು ವಿಧಾನಗಳಲ್ಲಿ ಬಳಸುವ, ಈಸ್ಟ್ರೋಜನ್ ಗುಂಪಿನ ಈಸ್ಟ್ರಡಯಾಲ್‌ಗೆ ಐರೋಪ್ಯ ಒಕ್ಕೂಟದಲ್ಲಿ ಆಹಾರಪ್ರಾಣಿಗಳ ಮಟ್ಟಿಗೆ ನಿಷೇಧವಿದೆ. ಮೈಕಟ್ಟು 4ಕ್ಕಿಂತ ಕೆಳಗಿರುವ ಹಸುವಿಗೆ ಈ ಚಿಕಿತ್ಸೆ ಕೊಡಿಸಲು ನಾನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬೆದೆ ಬಂದರೂ ಗಬ್ಬ ನಿಲ್ಲುವುದು ಕಡಿಮೆ, ನಿಲ್ಲದಿದ್ದರೆ ಹಸು ಮತ್ತೆ ಬೆದೆಯಿಲ್ಲದ ಸ್ಥಿತಿಗೇ ಮರಳಿಬಿಡುತ್ತದೆ.

ನಿಮ್ಮ ಹಿಂಡು ನನ್ನ ಕೈಯಲ್ಲಿದ್ದಿದ್ದರೆ ಈ ವಾರ ವೈದ್ಯರಿಂದ ಎಲ್ಲ ಹಸುಗಳನ್ನು ಪರೀಕ್ಷಿಸಿ ಮೂರು ಗುಂಪು ಮಾಡಿಸುತ್ತಿದ್ದೆ. ಹಳದಿ ಗ್ರಂಥಿ ಇರುವವುಗಳಿಗೆ ಬೆದೆ ಗುರುತಿಸುವ ಕೆಲಸ ಮಾತ್ರ ಬೇಕು. ಬೆದೆಯಿಲ್ಲದಿದ್ದರೂ ಮೈಕಟ್ಟು ಚೆನ್ನಾಗಿರುವ ಬಲಿತ ಹಸುಗಳಿಗೆ ಪ್ರೊಜೆಸ್ಟೆರಾನ್ ಮತ್ತು 48 ಗಂಟೆಗಳ ಬೇರ್ಪಡಿಕೆ. ಚೊಚ್ಚಲ ಮತ್ತು ಬಡಕಲು ಹಸುಗಳನ್ನು ಹಿಂಡಿನಿಂದ ಬೇರೆ ಮಾಡಿ ಹೆಚ್ಚಿನ ಮೇವು ಕೊಟ್ಟು, ಅವುಗಳ ಕರುಗಳಿಗೆ ಹೇಗಿದ್ದರೂ ಎರಡು ತಿಂಗಳು ದಾಟಿರುವುದರಿಂದ ಹಾಲು ಬಿಡಿಸುತ್ತಿದ್ದೆ. ಹಾರ್ಮೋನಿನ ಮಾತು ಅವು ಮೈತುಂಬಿಕೊಂಡ ಮೇಲೆ. ಮುಂದಿನ ಸಾಲಿಗೆ, ಈಗಿರುವ ಕಡಸುಗಳಿಗೆ ಬಲಿತ ಹಸುಗಳಿಗಿಂತ ಮೂರು ವಾರ ಮೊದಲೇ ಗರ್ಭಧಾರಣೆ ಮಾಡಿಸಿ. ಅವು ಚೊಚ್ಚಲಾದಾಗ ಸುಧಾರಿಸಿಕೊಳ್ಳಲು ಅಷ್ಟು ದಿನ ಹೆಚ್ಚಿಗೆ ಸಿಗುತ್ತವೆ. ಗರ್ಭಧಾರಣೆಯ ಹೊತ್ತಿಗೆ ಅವುಗಳ ತೂಕ ಬಲಿತ ಹಸುವಿನ ತೂಕದ ಶೇಕಡ 60ರಿಂದ 65, ಕರು ಹಾಕುವ ಹೊತ್ತಿಗೆ ಶೇಕಡ 85ರ ಹತ್ತಿರ ಇರಬೇಕು.